ಭುಜ ನೋಡಿ ಒತ್ತಿದ ಗುಂಡಿ

ಮಾರ್ಚ್ ೪, ಮಂಗಳವಾರ

ಮಾತಾಡುವವನಿಗೆ ಬರೆಯುವ ಪುರಸೊತ್ತು ಇರುವುದಿಲ್ಲ. ನಾನು ಇವತ್ತು ಬರೆಯಲು ಕುಳಿತಿದ್ದೇನೆ ಎಂದರೆ ಹೇಳಿಕೊಳ್ಳುವಂಥವರು ಯಾರೂ ಇಲ್ಲ ಎಂದೇ ಅರ್ಥ.

ನಿನ್ನೆ ಮುಂಜಾನೆ ಹಲ್ಲುಜ್ಜುವಾಗ ಎಡಗಿವಿಯಲ್ಲಿ ಯಾರೋ ಅಂಗಡಿಯ ಶಟರ್ ಎಳೆದಂತಾಯಿತು. ನೋವಿಲ್ಲ, ರಕ್ತವಿಲ್ಲ. ಮುಚ್ಚಿತು, ಅಷ್ಟೇ. ಒಳಗೆ ಒಂದು ಸೀಟಿ ಮಾತ್ರ ಉಳಿದಿದೆ. ಕುಕ್ಕರ್ ಕೂಗಿದ ಹಾಗೆ, ಆದರೆ ಇಳಿಸುವವರಿಲ್ಲ. ಬಲಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಮಂದವಾದದ್ದು. ಅದನ್ನು ಯಾರಿಗೂ ತಿಳಿಯಗೊಡದೆ ಇಷ್ಟು ವರ್ಷ ಎಡಗಿವಿಯೊಂದರ ಮೇಲೆ ಬದುಕು ಸಾಗಿಸಿದ್ದೆ.

ಇಪ್ಪತ್ತೆರಡು ವರ್ಷದಿಂದ ವಿಜಯಪುರದ ಮಾರುಕಟ್ಟೆಯಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಹರಾಜು ಕೂಗುವವನು ನಾನು; ನಮ್ಮಲ್ಲಿ ಅದಕ್ಕೆ ಸವಾಲು ಎನ್ನುತ್ತಾರೆ. ತಿಕೋಟಾದ ಶೆಡ್ಡಿನಲ್ಲಿ ಒಣದ್ರಾಕ್ಷಿಯ ತೊಟ್ಟು ಆರಿಸುತ್ತಿದ್ದ ಈ ಬಸಗೊಂಡಪ್ಪ ಸ್ಟೂಲು ಹತ್ತಿ ನಿಂತದ್ದು ಬರೀ ಗಂಟಲಿನ ಬಲದಿಂದ ಎಂದು ಜನ ತಿಳಿದಿದ್ದಾರೆ. ಗಂಟಲು ಯಾರಿಗಿಲ್ಲ? ನಲವತ್ತು ವ್ಯಾಪಾರಿಗಳು ಒಮ್ಮೆಲೇ ಒದರುವಾಗ ಹಿಂದಿನ ಸಾಲಿನಲ್ಲಿ ಒಬ್ಬ ಗೊಣಗಿದ ದರವನ್ನು ಹಿಡಿಯಬೇಕಾದರೆ ಕಿವಿ ಬೇಕು.

ಕಿವಿ ಡಾಕ್ಟರರು ಚೀಟಿಯಲ್ಲಿ ಬರೆದು ತೋರಿಸಿದರು. ಹದಿನಾಲ್ಕು ದಿನ ಗುಳಿಗೆ. ಹದಿನೆಂಟಕ್ಕೆ ಮತ್ತೆ ಪರೀಕ್ಷೆ. ಸುಧಾರಿಸಿದ್ದರೆ ಸರಿ, ಇಲ್ಲದಿದ್ದರೆ ಅಂದೇ ಕಿವಿಯೊಳಗೆ ಇಂಜೆಕ್ಷನ್ ಶುರು. "ತಡ ಆದ್ರ ನರ ಸಾಯ್ತಾವ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಲ್ಲಿಯವರೆಗೆ ಸವಾಲಿಗೆ ನಿಲ್ಲಬಾರದು.

ಮನೆಯಲ್ಲಿ ಗೌರಾಬಾಯಿಗೆ ಕಿವಿಯಲ್ಲಿ ನೀರು ಹೋಗಿದೆ ಎಂದೆ. ನನ್ನ ಸವಾಲಿಗೆ ಚೀಟಿ ಬರೆಯುವ ಧೂಳಪ್ಪನಿಗೂ ಅದನ್ನೇ ಮೆಸೇಜು ಮಾಡಿದೆ. "ನಾ ಅದೇನಲ್ರಿ ಅಣ್ಣಾ, ಚಿಂತಿ ಬಿಡ್ರಿ" ಎಂದು ಬಂತು. ಅವನಿರುವುದೇ ನನ್ನ ಚಿಂತೆ.

ಮಾರ್ಚ್ ೭, ಶುಕ್ರವಾರ

ಇಂದು ಗೌರಾಬಾಯಿ ಅಂದಾಜು ನಾನೂರು ಮಾತಾಡಿದಳು. ನನಗೆ ಸಿಕ್ಕದ್ದು ನೂರಾ ಹತ್ತು. ಉಳಿದದ್ದಕ್ಕೆಲ್ಲ ಹೂಂ ಅಂದೆ. ಮೂವತ್ತು ವರ್ಷದಿಂದ ಹಾಗೇ ಅನ್ನುತ್ತ ಬಂದದ್ದರಿಂದ ಆಕೆಗೆ ಸಂಶಯ ಬರಲಿಲ್ಲ.

ದವಾಖಾನೆಯಲ್ಲಿ ಕಿವಿಯ ಪರೀಕ್ಷೆ ಮಾಡುವವಳು ನಿಖತ. ಮೈಸೂರಿನಲ್ಲಿ ಅದನ್ನೇ ಓದಿ ಬಂದವಳು. ರಂಜಾನಿನ ರೋಜಾ ಹಿಡಿದಿದ್ದಾಳೆ, ತುಟಿ ಒಣಗಿರುತ್ತದೆ. ಆದರೂ ಎದುರು ಕುಳಿತು ತುಟಿ ಕಾಣುವಂತೆ ನಿಧಾನವಾಗಿ ಮಾತಾಡುತ್ತಾಳೆ. ಹಾಗೆ ಆಡಿದರೆ ಬಲಗಿವಿ ಮತ್ತು ಕಣ್ಣು ಕೂಡಿ ಮುಕ್ಕಾಲು ಪಾಲು ಹಿಡಿಯುತ್ತವೆ. ಸೀಟಿಗೆ ಮದ್ದೆಂದು ನನ್ನ ಫೋನಿಗೆ ಮಳೆಯ ಸದ್ದು, ಸಮುದ್ರದ ಸದ್ದು ಹಾಕಿಕೊಟ್ಟಳು.

"ಯವ್ವಾ, ಸಮುದ್ರ ನಾ ನೋಡೇ ಇಲ್ಲ. ಮಳಿ ಕೇಳಿದ್ರ ಎದಿ ಹೊಡಕೋತೈತಿ. ಶೆಡ್ಡಿನಾಗ ಹಣ್ಣ ಒಣಾಕ ಹಾಕಿದಾಗ ಮಳಿ ಬಂತಂದ್ರ ನಮ್ಮ ಕಡೆ ಸೂತಕ."

ಆಕೆ ನಕ್ಕಳು. "ಹಂಗಾರ ನಿಮಗ ಬ್ಯಾರೇನರ ನೋಡೂನ್ರಿ ಕಾಕಾ."

ಮಾರ್ಚ್ ೯, ರವಿವಾರ

ತಡೆಯಲಾರದೆ ಹಳೆಯ ಸಿನಿಮಾ ಹಾಡೊಂದನ್ನು ಹಚ್ಚಿದೆ. ಮದುವೆಯಾದ ವರ್ಷ ಓಣಿಯ ಹೋಟೆಲಿನಲ್ಲಿ ಹಗಲೆಲ್ಲ ಮೊಳಗುತ್ತಿದ್ದ ಹಾಡು, ಒಂದೊಂದು ಉಸಿರೂ ಬಾಯಿಪಾಠ. ಬಂದದ್ದೇನು? ಬಕೆಟ್ಟಿನೊಳಗೆ ಮುಖ ಹಾಕಿ ಯಾರೋ ಬಿಕ್ಕಿದಂತೆ. ಕೊಳಲಿನ ಜಾಗದಲ್ಲಿ ಖಾಲಿ. ಗುರುತಿನವನ ಹೆಣ ಮುಸುಕು ಸರಿಸಿ ನೋಡಿದಂತಾಯಿತು. ಬಂದ್ ಮಾಡಿದೆ. ಇನ್ನು ಹಚ್ಚುವುದಿಲ್ಲ.

ಮಾರ್ಚ್ ೧೦, ಸೋಮವಾರ

ನಿಖತಳಿಗೆ ಹಾಡಿನ ಸಂಗತಿ ಹೇಳಿದೆ.

"ಗೊತ್ತಿದ್ದ ಹಾಡ ಹಚ್ಚಬ್ಯಾಡ್ರಿ ಕಾಕಾ. ಗೊತ್ತಿದ್ದದ್ರಾಗ ಕೆಟ್ಟಿದ್ದ ಎದ್ದ ಕಾಣತೈತಿ. ನಾ ಕೇಳೂವು ಕೊಡತೇನಿ. ಒಂಬತ್ತ ಅದಾವ. ಆದ್ರ ಇವು ಹಾಡಲ್ಲ ಮತ್ತ."

"ಹಾಡಲ್ಲಂದ್ರ ಏನವಾ, ಭಜನಿ?"

"ಮಿಷನ್ ಮ್ಯಾಲೆ ಮಾಡಿದ್ವು. ಮಾತಿಲ್ಲ, ಪಲ್ಲವಿ ಇಲ್ಲ. ಒಂದಿಷ್ಟು ಸುಮ್ನ ಕೋಣಿ ತುಂಬಕೊಂಡ ನಿಂದರತಾವ, ಅವಕ್ಕ ಆಂಬಿಯೆಂಟ್ ಅಂತಾರ. ಇನ್ನೊಂದಿಷ್ಟು ಬಡಿತ ಇದ್ದದ್ವು. ಅವಕ್ಕ ಇಂಟೆಲಿಜೆಂಟ್ ಡಾನ್ಸ್ ಮ್ಯೂಸಿಕ್ ಅಂತ ಹೆಸರು."

"ಅಂದ್ರ, ಬುದ್ಧಿವಂತ್ರ ಕುಣಿತ?"

"ಹಂಗ ಅನಕೋರಿ."

ಬುದ್ಧಿವಂತರು ಕುಣಿಯುವುದನ್ನು ನಾನು ನೋಡಿಲ್ಲ. ಕುಣಿಸುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇಂಥದ್ದು ಆಕೆಗೆ ಎಲ್ಲಿ ಗಂಟುಬಿತ್ತೆಂದು ಕೇಳಿದೆ. ದಿನವಿಡೀ ಪೇಶಂಟರ ಕಿವಿಗೆ ಒಂಟಿ ಸ್ವರ ಬಿಟ್ಟು ಬಿಟ್ಟು, ಸಂಜೆ ಹಾಡು ಕೇಳಿದರೆ ಸಂತೆಯಲ್ಲಿ ನಿಂತಂತೆ ಆಗುತ್ತದಂತೆ. ಹಾಸ್ಟೆಲಿನಲ್ಲಿ ಕೈನಾತ ಎಂಬ ಗೆಳತಿ ಇವನ್ನು ಕೊಟ್ಟಳಂತೆ. ಮನೆಯವರು ಫ್ರಿಜ್ ಕೆಟ್ಟಿದೆ ಎಂದು ಎರಡು ಸಲ ಎದ್ದು ನೋಡಿದರಂತೆ.

ಮಾರ್ಚ್ ೧೧, ಮಂಗಳವಾರ

ಮಧ್ಯಾಹ್ನ ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ದೊಡ್ಡ ಹೆಡ್‌ಫೋನಿನಲ್ಲಿ ಮೊದಲನೆಯದನ್ನು ಕೇಳಿದೆ. ಲೆಕ್ಕ ಹೀಗಿದೆ.

ಒಟ್ಟು ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಬಂದ ಸ್ವರ ನಾಲ್ಕು. ಹೋದದ್ದು ಮೂರು. ಒಂದು ಕೊನೆಯವರೆಗೂ ಇತ್ತು, ಆದರೆ ಯಾವಾಗ ಬಂತೆಂದು ಹಿಡಿಯಲಾಗಲಿಲ್ಲ. ಮೊದಲ ನಾಲ್ಕು ನಿಮಿಷ ಏನೂ ಆಗಲಿಲ್ಲ. ಸವಾಲಿನಲ್ಲಿ ನಾಲ್ಕು ನಿಮಿಷ ಏನೂ ಆಗದಿದ್ದರೆ ಜನ ಚಹಾಕ್ಕೆ ಹೋಗುತ್ತಾರೆ.

ತಿಕೋಟಾದ ಕೋಲ್ಡ್ ಸ್ಟೋರೇಜಿನ ಗೋಡೆಗೆ ಬೆನ್ನು ಹಚ್ಚಿ ಕುಳಿತರೆ ಒಳಗಿನ ಮಿಷನ್ನು ಬೆನ್ನೆಲುಬಿನಲ್ಲಿ ಕೇಳುತ್ತದಲ್ಲ, ಹಾಗಿತ್ತು. ಇದಕ್ಕೆ ಸಂಗೀತವೆಂದು ಹೆಸರಿಟ್ಟವನ ಧೈರ್ಯ ಮೆಚ್ಚಬೇಕು.

ಒಂದು ಮಾತು ಮಾತ್ರ ಬರೆದಿಡಬೇಕು. ಇದು ಹೇಗಿರಬೇಕೆಂದು ನನಗೆ ಗೊತ್ತಿಲ್ಲ. ಆದ್ದರಿಂದ ಇದರಲ್ಲಿ ನನ್ನ ಕಿವಿ ಎಷ್ಟು ನುಂಗಿತೆಂದೂ ಗೊತ್ತಿಲ್ಲ. ಒಂದು ವಾರದಲ್ಲಿ ಮೊದಲ ಸಲ ಯಾವುದೋ ಒಂದನ್ನು ಪೂರ್ತಿ ಕೇಳಿದೆ ಅನಿಸಿತು. ಸೀಟಿ ಹೋಗಿರಲಿಲ್ಲ, ಆ ಸ್ವರಗಳ ಪಕ್ಕದಲ್ಲಿ ಐದನೆಯದಾಗಿ ಕುಳಿತಿತ್ತು.

ಮಾರ್ಚ್ ೧೨, ಬುಧವಾರ

ಎರಡನೆಯದು ತುಂಬ ಚಟಪಟ, ಬಿರುಕು, ತುಂತುರು. ಫೋನು ಕೆಟ್ಟಿತೆಂದು ನಿಖತಳಿಗೆ ಮೆಸೇಜು ಹಾಕಿದೆ. ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ಉತ್ತರ ಬಂತು. ಬೇಕೆಂದೇ! ನಮ್ಮಲ್ಲಿ ಕೆಟ್ಟ ಕಾಳನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಮೇಲೆ ಒಳ್ಳೆಯದನ್ನು ಹರಡುತ್ತಾರೆ. ಇವನು ಕೆಟ್ಟದ್ದನ್ನೇ ಮೇಲಿಟ್ಟು, ನೋಡ್ರಿ ಹೇಗಿದೆ ಎನ್ನುತ್ತಾನೆ. ಇಂಥವನ ಜೊತೆ ವ್ಯಾಪಾರ ಮಾಡಬಹುದು.

ಮಾರ್ಚ್ ೧೪, ಶುಕ್ರವಾರ

ಆರನೆಯದು ಬುದ್ಧಿವಂತರ ಕುಣಿತ. ಪೆಟ್ಟು ಎಣಿಸಿದೆ: ಏಳು, ಏಳು, ಐದು, ಏಳು, ಒಮ್ಮೆಲೇ ಒಂಬತ್ತು. ಲಾಳ ಕಳೆದುಕೊಂಡ ಕುದುರೆ ಟಾಂಗಾ ಎಳೆಯುತ್ತಿರುವಂತೆ. ಎರಡನೆಯ ಸಲ ಕಾಗದದ ಮೇಲೆ ಗೆರೆ ಹಾಕುತ್ತ ಎಣಿಸಿದೆ. ಕೂಡಲಿಲ್ಲ. ಮೂರು, ನಾಲ್ಕು. ನಾನು ಲೆಕ್ಕಕ್ಕೆ ಸೋಲುವವನಲ್ಲ. ಐದನೆಯ ಸಲ ಗೌರಾಬಾಯಿ ಬಾಗಿಲು ತೆಗೆದು ನಿಂತಿದ್ದಳು. ನನ್ನ ಬಲಗಾಲಿನ ಕಡೆ ನೋಡುತ್ತಿದ್ದಳು.

"ಕಾಲಿಗೇನ ಇರವಿ ಹತ್ಯಾವೇನ್ರಿ?"

ಕಾಲು ಬಡಿಯುತ್ತಿತ್ತು. ಒಂಬತ್ತಕ್ಕೂ ಸರಿಯಾಗಿ ಬಡಿಯುತ್ತಿತ್ತು. ನನಗೆ ತಿಳಿಸದೆ.

ಮಾರ್ಚ್ ೧೭, ಸೋಮವಾರ

ನಾಳೆ ಪರೀಕ್ಷೆ. ಸೀಟಿ ಹಾಗೇ ಇದೆ, ಶಟರ್ ಹಾಗೇ ಇದೆ. ಧೂಳಪ್ಪ ಸ್ಟೂಲಿನ ಮೇಲೆ ನಿಂತ ಫೋಟೊ ಮಾರುಕಟ್ಟೆಯ ಗ್ರೂಪಿನಲ್ಲಿ ಬಂದಿದೆ. ಕೆಳಗೆ ಹದಿನೇಳು ಹೆಬ್ಬೆರಳು.

ಮಾರ್ಚ್ ೧೮, ಮಂಗಳವಾರ

ಗೆದ್ದೆ.

ಪೆಟ್ಟಿಗೆಯಂಥ ಕೋಣೆಯೊಳಗೆ ನಾನು, ಗಾಜಿನ ಆಚೆ ನಿಖತ. ತಲೆಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ. ಸ್ವರ ಕೇಳಿದಾಗ ಒತ್ತಬೇಕು. ತನ್ನ ಕೈ ಕಾಣಬಾರದೆಂದು ಆಕೆ ಕುರ್ಚಿಯನ್ನು ಅಡ್ಡಕ್ಕೆ ಹಾಕಿಸುತ್ತಾಳೆ. ಆದರೆ ಎದುರು ಗೋಡೆಗೆ ಕಿವಿಯ ಒಳಭಾಗದ ಚಿತ್ರವಿದೆ, ಅದಕ್ಕೆ ಗಾಜು ಹಾಕಿಸಿದ್ದಾರೆ. ಗಾಜಿನಲ್ಲಿ ನಿಖತಳ ಬಲಭುಜ.

ಸ್ವರ ಬಿಡುವ ಮೊದಲು ಆ ಭುಜ ಎಳ್ಳಷ್ಟು ಇಳಿಯುತ್ತದೆ. ಸಾಂಗ್ಲಿಯ ವ್ಯಾಪಾರಿಗಳು ಹುಬ್ಬು ಅಲುಗಿಸದೆ ದರ ಏರಿಸುವುದನ್ನು ಇಪ್ಪತ್ತೆರಡು ವರ್ಷ ಓದಿದವನಿಗೆ ಇದೇನು ಮಹಾ! ಮೊದಲ ಐದು ಸಲ ಸುಮ್ಮನೆ ನೋಡಿದೆ, ನಾಡಿ ಸಿಕ್ಕಿತು. ಆಮೇಲೆ ಒತ್ತಿದೆ. ಎಲ್ಲಕ್ಕೂ ಒತ್ತಿದರೆ ಸಂಶಯ ಬರುತ್ತದೆ. ನಾಲ್ಕಕ್ಕೊಂದು ಬಿಟ್ಟೆ, ಒಂದೆರಡು ಬೇಕೆಂದೇ ತಡವಾಗಿ ಒತ್ತಿದೆ. ಆಕೆ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮಾಡಿದಳು. ಇನ್ನೊಮ್ಮೆ ಗೆದ್ದೆ.

ಡಾಕ್ಟರರು ಕಾಗದ ನೋಡಿ ಬೆನ್ನು ತಟ್ಟಿದರು. ಇಂಜೆಕ್ಷನ್ ಬೇಡ. ಗುಳಿಗೆ ಕಡಿಮೆ ಮಾಡುತ್ತ ನಿಲ್ಲಿಸುವುದು. ಕಿವಿ ಹೇಗೂ ನಿಧಾನಕ್ಕೆ ಬರುತ್ತದೆ, ಸ್ಟೂಲು ಕಾಯುವುದಿಲ್ಲ.

ಹೊರಡುವಾಗ ನಿಖತ ಕೇಳಿದಳು, "ನಾಲ್ಕನೇದ್ರಾಗ ಗಂಟಿ ಹೆಂಗ ಬಡೀತಾವ ನೋಡಿದ್ರೇನ್ರಿ? ನನಗ ಅದ ಭಾಳ ಸೇರತೈತಿ."

"ಗಂಟಿ ಭಾಳ ಛಲೋ ಅದಾವ ಬಿಡವಾ," ಎಂದೆ.

ಮನೆಗೆ ಬಂದು ನಾಲ್ಕನೆಯದನ್ನು ಮೂರು ಸಲ ಕೇಳಿದೆ. ಅದರಲ್ಲಿ ಗಂಟೆ ಇಲ್ಲ. ಆಕೆ ಬೇರೆ ಯಾವುದನ್ನೋ ಹೇಳಿರಬೇಕು.

ಮಾರ್ಚ್ ೨೧, ಶುಕ್ರವಾರ

ಸವಾಲನ್ನು ಕಣ್ಣಿನಿಂದಲೇ ನಡೆಸಬಹುದೆಂದು ಲೆಕ್ಕ ಹಾಕಿ ಇವತ್ತು ಮತ್ತೆ ಸ್ಟೂಲು ಹತ್ತಿದೆ. ಹನ್ನೊಂದು ಲಾಟಿನವರೆಗೆ ನಡೆಯಿತು. ಹಳೆಯ ವ್ಯಾಪಾರಿಗಳು, ಯಾರು ಟೊಪ್ಪಿಗೆ ಮುಟ್ಟಿದರೆ ಏನು, ಯಾರು ಕೆಮ್ಮಿದರೆ ಏನು, ಎಲ್ಲ ಗೊತ್ತು.

ಹನ್ನೆರಡನೆಯದು ತಿಕೋಟಾದ ಲಕ್ಕವ್ವನ ಮಾಲು. ಗಂಡನಿಲ್ಲದ ಹೆಂಗಸು, ತಾನೇ ನಿಂತು ಒಣಗಿಸಿ ತಂದದ್ದು. ಹಸಿರು ಬಣ್ಣ, ಉದ್ದ ಕಾಳು, ಕೈಯಲ್ಲಿ ಹಿಡಿದರೆ ಅಂಟುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಕೈ ಎತ್ತಿದ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಅವನಿಗೇ ಮುಗಿಸಿದೆ. ಅವನು ನೊಣ ಹೊಡೆದದ್ದಂತೆ. ನನ್ನ ಬೆನ್ನ ಹಿಂದೆ ಮೂವರು ಮೇಲಿಂದ ಮೇಲೆ ದರ ಏರಿಸುತ್ತ ಕೂಗುತ್ತಿದ್ದರಂತೆ.

ಲಕ್ಕವ್ವ ಎದುರು ಬಂದು ನಿಂತು ಕೂಗಿದ್ದರಿಂದ ಪೂರ್ತಿ ಸಿಕ್ಕಿತು. "ಯಣ್ಣಾ, ಹಿಂದ ಇನ್ನಾ ಒದರಾಕತ್ತಾರಲ್ಲೋ! ನಿನ್ನ ಕಿವ್ಯಾಗೇನ ಗೂಟಾ ಬಡದೈತೇನು?"

"ಮುಗೀತಂದ್ರ ಮುಗೀತು! ಇಪ್ಪತ್ತೆರಡ ವರ್ಷ ಕೂಗೇನಿ, ನೀ ನನಗ ಕಲಿಸಾಕ ಬರಬ್ಯಾಡ!"

ಆಮೇಲೆ ಜನ ನಕ್ಕರೋ ಬೈದರೋ ತಿಳಿಯದು. ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಧೂಳಪ್ಪ ಬಂದು ಮೊಳಕೈ ಹಿಡಿದು, ಬಸ್ಸಿನಿಂದ ಮುದುಕನನ್ನು ಇಳಿಸಿದಂತೆ ನನ್ನನ್ನು ಸ್ಟೂಲಿನಿಂದ ಇಳಿಸಿದ. ಲಾಟನ್ನು ಅವನೇ ಮತ್ತೆ ಕೂಗಿದ. ಲಕ್ಕವ್ವನಿಗೆ ಸರಿಯಾದ ದರ ಸಿಕ್ಕಿತಂತೆ. ನಾನು ನೋಡಲು ನಿಲ್ಲಲಿಲ್ಲ.

ಮಾರ್ಚ್ ೨೨

ಹೊರಗೆ ಹೋಗಲಿಲ್ಲ.

ಮಾರ್ಚ್ ೨೩

ಸೀಟಿ.

ಮಾರ್ಚ್ ೨೫, ಮಂಗಳವಾರ

ಗೌರಾಬಾಯಿಯ ಅಕ್ಕ ತಾಯವ್ವನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಬಬಲೇಶ್ವರಕ್ಕೆ ಹೋಗಿದ್ದೆವು. ಇಂಥ ಕಡೆ ನನ್ನ ಸುತ್ತ ಹತ್ತು ಜನ ಕೂಡುವುದು, ನಾನು ಮಾತಾಡುವುದು, ಅವರು ಹೊಟ್ಟೆ ಹಿಡಿದುಕೊಂಡು ನಗುವುದು ರೂಢಿ. ಇವತ್ತು ಯಾರೋ ಹಿರಿಯರು ಪಕ್ಕದಲ್ಲಿ ಕುಳಿತು ಏನೋ ಹೇಳಿದರು. ಮುಖ ನೋಡಿ ಚೇಷ್ಟೆ ಇರಬೇಕೆಂದು ಜೋರಾಗಿ ನಕ್ಕೆ. ಅವರ ಮಗ ತೀರಿಕೊಂಡದ್ದನ್ನು ಹೇಳುತ್ತಿದ್ದರಂತೆ.

ಚಪ್ಪಲಿ ಹಾಕಿಕೊಂಡು ರಸ್ತೆಗೆ ಬಂದೆ. ಅಂಚಿನಲ್ಲೇ ನಡೆಯುತ್ತಿದ್ದೆ ಅಂದುಕೊಂಡಿದ್ದೆ. ಬೆನ್ನಿಗೆ ಬಿಸಿಗಾಳಿ ಬಡಿಯಿತು, ತೋಳಿಗೆ ತಗಡು ಸವರಿತು, ಬಸ್ಸು ಮುಂದೆ ಹೋಗಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈದ. ಬಹಳ ಹೊತ್ತು ಬೈದ. ಹಾರ್ನ್ ಹಾಕಿದ್ದನೇನೋ.

ಒಂದು ಗೇಣು. ಒಂದು ಗೇಣು ಒಳಗೆ ನಡೆದಿದ್ದರೆ ಸೀಟಿಯೂ ನಿಲ್ಲುತ್ತಿತ್ತು.

ಈ ಸಾಲು ಬರೆದ ಮೇಲೆ ಎರಡು ಸಲ ಓದಿದೆ. ಹೊಡೆದುಹಾಕುವುದಿಲ್ಲ, ನಿಜವೇ ಇದೆ. ಮುಂದಿನ ಬಸ್ಸು ದೂರದಲ್ಲಿ ಕಾಣುತ್ತಿತ್ತು, ನನ್ನ ಕಾಲು ಇನ್ನೂ ಡಾಂಬರಿನ ಮೇಲೇ ಇತ್ತು. ಹೆಡ್‌ಫೋನು ಕುತ್ತಿಗೆಯಲ್ಲಿತ್ತು. ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಸರಿದು ಮೊದಲನೆಯದನ್ನು ಹಚ್ಚಿ, ಅದು ಮುಗಿಯುವತನಕ ಅಲ್ಲಿಂದ ಅಲುಗಬಾರದೆಂದು ನನಗೆ ನಾನೇ ಕರಾರು ಹಾಕಿಕೊಂಡೆ. ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡು. ಬಸ್ಸು ಹೋಯಿತು. ಮುಗಿಯಿತು, ಮತ್ತೆ ಹಚ್ಚಿದೆ. ಆ ಕೊನೆಯ ಸ್ವರ ಯಾವಾಗ ಬರುತ್ತದೆಂದು ಕಾದೆ. ಅದು ಬಂದು ಆಗಲೇ ಬಹಳ ಹೊತ್ತಾಗಿರುತ್ತಿತ್ತು. ಮೂರನೆಯ ಸಲ ನಡೆದಾಗ ಗೌರಾಬಾಯಿ ಹುಡುಕಿಕೊಂಡು ಬಂದಳು. ಏನೂ ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಮಾರ್ಚ್ ೨೯, ಶನಿವಾರ

ಮಧ್ಯಾಹ್ನ ಗೌರಾಬಾಯಿ ಮಾಳಿಗೆಗೆ ಬಂದು ಎದುರು ಕುಳಿತಳು.

"ಎಲ್ಲಾರ ಮುಖಾ ನೋಡೂದ ಬಿಟ್ಟ, ಆ ಡಬ್ಬಿ ಕಿವಿಗೆ ಹಾಕ್ಕೊಂಡ ಏನ ಕೇಳತೀರಿ? ಯಾರ ಮಾತಾಡತಾರ ಅದ್ರಾಗ?"

"ಯಾರೂ ಮಾತಾಡಂಗಿಲ್ಲ. ಅದಕ್ಕ ಕೇಳತೇನಿ."

"ನನಗೂ ಹಚ್ರಿ."

ನಾಲ್ಕನೆಯದನ್ನು ಹಚ್ಚಿ ಹೆಡ್‌ಫೋನು ಆಕೆಯ ತಲೆಗಿಟ್ಟೆ. ಮೊದಲು ಮುಖ ಸಿಂಡರಿಸಿದಳು, ಸೆರಗಿನಲ್ಲಿ ನಕ್ಕಳು. ಎರಡು ನಿಮಿಷ ಕಳೆದಿರಬೇಕು, ಕಣ್ಣು ಅಗಲವಾದವು.

"ಏನು?" ಎಂದೆ.

"ಗಂಟಿ," ಎಂದಳು. "ಸಣ್ಣ ಸಣ್ಣ ಗಂಟಿ. ಪಾತ್ರೆ ತೊಳದ ಬೋರಲ ಹಾಕಿದಾಗ ಒಂದರ ಅಂಚ ಒಂದಕ್ಕ ತಾಗತೈತಲ್ರಿ, ಹಂಗ."

"ಎಲ್ಲಿ?"

ಆಕೆ ಬೆರಳಿನಿಂದ ನನ್ನ ಮೊಳಕಾಲ ಮೇಲೆ ಬಡಿದು ತೋರಿಸತೊಡಗಿದಳು. ಈಗ. ಈಗ. ಮತ್ತೆ ಈಗ. ಹದಿನಾರರವರೆಗೆ ಎಣಿಸಿದೆ, ಆಮೇಲೆ ಎಣಿಕೆ ತಪ್ಪಿತು. ಬೆರಳು ನಿಲ್ಲಲೇ ಇಲ್ಲ. ಕೊನೆಯವರೆಗೂ ಗಂಟೆಗಳಿದ್ದವು. ಹೆಡ್‌ಫೋನು ಕಿತ್ತುಕೊಂಡು ನಾನು ಹಾಕಿಕೊಂಡೆ. ಕೆಳಗಿನ ಗುಂಯ್ ಎನ್ನುವುದೊಂದೇ. ಎರಡೂವರೆ ವಾರ ನಾನು ಕೇಳಿದ್ದು ನೆಲವನ್ನು ಮಾತ್ರ. ನೆಲದ ಮೇಲೆ ನಿಂತವರು ಯಾರೂ ನನಗೆ ಕಂಡಿರಲಿಲ್ಲ.

ಹಾಡಾದರೆ ನೆನಪಿನಿಂದ ತುಂಬಿಕೊಳ್ಳುತ್ತೇನೆ. ಮನುಷ್ಯರಾದರೆ ಮುಖ ಓದಿ ತುಂಬಿಕೊಳ್ಳುತ್ತೇನೆ. ಇದಕ್ಕೆ ನೆನಪಿಲ್ಲ, ಮುಖವಿಲ್ಲ. ಇದರ ಹತ್ತಿರ ನನ್ನ ಯಾವ ಆಟವೂ ನಡೆಯಲಿಲ್ಲ.

ಎಲ್ಲ ಹೇಳಿದೆ. ಗುಳಿಗೆ, ಭುಜ, ಗುಂಡಿ, ಲಕ್ಕವ್ವ, ಬಸ್ಸು. ಬಸ್ಸಿನ ಸಂಗತಿಗೆ ಬಂದಾಗ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ, ತುಟಿ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಆಡಿದಳು.

"ಊರ ಮಂದಿ ಕಣ್ಣಾಗ ಮಣ್ಣ ಹಾಕಿದ್ರಿ, ಹೋಗ್ಲಿ. ನನ್ನ ಕಣ್ಣಾಗ ಹಾಕಿದ್ರಿ, ಅದೂ ಹೋಗ್ಲಿ. ನಿಮ್ಮ ಕಿವ್ಯಾಗೂ ನೀವ ಹಾಕ್ಕೊಂಡ್ರಲ್ರಿ, ಇದಕ್ಕೇನ ಅನ್ನೂದು!"

ಪೂರ್ತಿ ಸಿಕ್ಕಿತು. ಒಂದು ಮಾತೂ ಬಿಡದೆ.

ಮಾರ್ಚ್ ೩೦, ರವಿವಾರ

ಯುಗಾದಿ. ಗುಳಿಗೆಯಿಂದ ಸಕ್ಕರೆ ಏರಿದೆಯೆಂದು ಬೇವು ಕೊಟ್ಟು ಬೆಲ್ಲ ತೆಗೆದಿಟ್ಟಳು. ದವಾಖಾನೆ ಇವತ್ತು ಬಂದ್, ನಾಳೆ ಈದ್, ನಾಡಿದ್ದೂ ಇಲ್ಲವಂತೆ. ಇಪ್ಪತ್ತೆಂಟು ದಿನ ಆಗಿದೆ. ನರ ಯಾವ ದಿನ ಸಾಯುತ್ತದೆಂದು ಡಾಕ್ಟರರು ಬರೆದುಕೊಟ್ಟಿಲ್ಲ.

ಏಪ್ರಿಲ್ ೨, ಬುಧವಾರ

ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ನಿಖತಳ ಕೈಯಲ್ಲಿ ಮೆಹಂದಿ ಇನ್ನೂ ಕೆಂಪಾಗಿತ್ತು. ಭುಜದ ಸಂಗತಿ ಹೇಳುತ್ತಿದ್ದಂತೆ ಆಕೆಯ ಮುಖ ಬಿಳಿಚಿತು. ಬೈಯಬಹುದೆಂದು ಕಾದೆ.

"ನನಗ ಅವತ್ತ ಸಂಶೇ ಬಂದಿತ್ರಿ ಕಾಕಾ. ಇನ್ನೊಮ್ಮಿ ಮಾಡಿದ್ನಲ್ಲ, ಅದಕ್ಕ. ಎರಡನೇ ಸಲಾನೂ ಹಂಗ ಬಂದ್ಮ್ಯಾಲ ನಾ ಸುಮ್ನಾದ್ನಿ. ಆಗಬಾರದಿತ್ತು."

"ನಿಂದೇನ ತಪ್ಪ ಯವ್ವಾ. ಸಾಂಗ್ಲಿಯವ್ರಿಗೇ ನಾ ಸಿಕ್ಕಿಲ್ಲ."

ಆಕೆ ನಗಲಿಲ್ಲ. ಗೋಡೆಯ ಚಿತ್ರವನ್ನು ನಾನೇ ಇಳಿಸಿ ಕೆಳಗಿಟ್ಟೆ. ಕುರ್ಚಿಯನ್ನು ನಾನೇ ತಿರುಗಿಸಿ ಬೋಳು ಗೋಡೆಗೆ ಮುಖ ಮಾಡಿ ಕುಳಿತೆ.

ಹೆಬ್ಬೆರಳು ಗುಂಡಿಯ ಮೇಲಿತ್ತು. ಕೆಳಗಿನ ಸ್ವರಗಳು ಬಂದವು, ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಒತ್ತಲಿಲ್ಲ. ಸುಣ್ಣದ ಗೋಡೆಯಲ್ಲಿ ಒಂದು ಸಣ್ಣ ಬಿರುಕಿತ್ತು. ನನ್ನ ಬೆನ್ನ ಹಿಂದೆ ಆಕೆ ಒಂದಾದ ಮೇಲೊಂದು ಬಿಡುತ್ತಿದ್ದಾಳೆಂದು ಗೊತ್ತಿತ್ತು. ಸೀಟಿ ಮಾತ್ರ ಇತ್ತು. ಒತ್ತಲಿಲ್ಲ.

ಡಾಕ್ಟರರೂ ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ಚೀಟಿಯಲ್ಲಿ ಬರೆದರು: ಒಂದು ತಿಂಗಳು ಹೋಗಿದೆ, ಮೂರು ಇಂಜೆಕ್ಷನ್ ಕೊಟ್ಟು ನೋಡೋಣ, ಆಸೆ ಇಟ್ಟುಕೊಳ್ಳಬೇಡಿ. ಈ ಸಲ ಗೆರೆ ಎಳೆಯಲಿಲ್ಲ.

ಏಪ್ರಿಲ್ ೯, ಬುಧವಾರ

ಎರಡನೆಯ ಇಂಜೆಕ್ಷನ್ ಆಯಿತು. ಮಲಗಿಸಿ ಕಿವಿಯೊಳಗೆ ಸೂಜಿ ಬಿಟ್ಟಾಗ ಲೋಕವೆಲ್ಲ ಒಂದು ಸುತ್ತು ಹಾಕುತ್ತದೆ.

ಸಂಜೆ ಧೂಳಪ್ಪ ಬಂದಿದ್ದ. ಸ್ಟೂಲು ಹೇಗಿದೆ ಎಂದು ಚುಚ್ಚಿದೆ. ಅವನು ನನ್ನ ಎಡಕ್ಕೆ ಕುಳಿತಿದ್ದವನು ಎದ್ದು ಎದುರಿಗೆ ಬಂದು ಕುಳಿತ.

"ಅಣ್ಣಾ, ಬಲಗಡಿಂದ ಕರದ್ರ ನೀವು ಯಾವತ್ತೂ ತಿರಗತಿದ್ದಿಲ್ರಿ. ಮೊದಲನೇ ವರ್ಷಾನ ನನಗ ಗೊತ್ತಾತು. ಅದಕ್ಕ ಚೀಟಿ ಬರಿಯೂ ಮೇಜ ಎಡಕ್ಕ ಹಾಕಿಸಿದ್ನಿ. ಬಲಕ್ಕ ಯಾರರ ಕೂಗಿದ್ರ ಅದನ್ನ ನಾ ಇನ್ನೊಮ್ಮಿ ಒದರತಿದ್ನಿ, ನಿಮಗ ಕೇಳಲಿ ಅಂತ."

ಹದಿಮೂರು ವರ್ಷ ಅವನು ಕೂಗಿ ಹೇಳುವುದನ್ನು ನಾನು ಅವನ ಅಧಿಕಪ್ರಸಂಗ ಎಂದುಕೊಂಡಿದ್ದೆ. ಎಲ್ಲರ ಮುಖ ಓದುವ ನಾನು!

"ಯಾಕ ಹೇಳಲಿಲ್ಲೋ?"

"ನೀವ ಹೇಳಿದ್ದಿಲ್ಲಲ್ರಿ."

ಹೋಗುವವರೆಗೆ ಅವನೇ ಮಾತಾಡಿದ. ತೊರವಿಯ ಹತ್ತಿರ ಮನೆ ಕಟ್ಟಿಸುತ್ತಿದ್ದಾನೆ, ರೇಣುಕಾ ಎಂಬ ಮಗಳು ನರ್ಸಿಂಗ್ ಓದುತ್ತಿದ್ದಾಳೆ, ಹೆಂಡತಿಗೆ ಮೊಳಕಾಲು ನೋವು. ಇವನಿಗೆ ಮಗಳಿದ್ದಾಳೆಂದು ನನಗೆ ಇವತ್ತು ಗೊತ್ತಾಯಿತು.

ಏಪ್ರಿಲ್ ೧೬, ಬುಧವಾರ

ಮೂರೂ ಆದವು. ಪರೀಕ್ಷೆಯೂ ಆಯಿತು. ಕೇಳುವ ಮಟ್ಟ ಏರಿಲ್ಲ. ಇನ್ನು ಏರುವುದಿಲ್ಲ.

ಗೌರಾಬಾಯಿ ದವಾಖಾನೆಯ ಬಾಗಿಲಲ್ಲಿ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಮಾಡಲಿ? ಮನೆಗೆ ಬಂದು ಆರನೆಯದನ್ನು ಹಚ್ಚಿದೆ. ಕಾಲು ತನ್ನ ಪಾಡಿಗೆ ಬಡಿಯಿತು. ಎಷ್ಟು ಸಲ ಎಂದು ನೋಡಲಿಲ್ಲ.

ಏಪ್ರಿಲ್ ೨೫, ಶುಕ್ರವಾರ

ಇವತ್ತು ಎರಡೂ ಕಿವಿಗೆ ಯಂತ್ರ ಕೂರಿಸಿದರು. ಹಾಕುವ ಮೊದಲು ನಿಖತ ಎಚ್ಚರಿಸಿದಳು.

"ಮೊದಮೊದಲ ಎಲ್ಲಾ ಮಿಷನ್ ಮಾತಾಡಿದಂಗ ಕೇಳತೈತಿ ಕಾಕಾ. ಹಳೇ ಕಿವಿ ವಾಪಸ್ ಬರಂಗಿಲ್ಲ. ಭಾಳ ಮಂದಿ ನಾಕ ದಿನಕ್ಕ ತಗದ ಕಪಾಟಿನಾಗ ಇಡತಾರ."

ನನಗಿಂತ ಮೊದಲು ಹಾಕಿಸಿಕೊಂಡ ಮಮದಾಪುರದ ಅಜ್ಜ ಬಾಗಿಲು ದಾಟುವ ಮೊದಲೇ ಕಿತ್ತು ತೆಗೆದಿದ್ದ. "ತಗೀ ಯವ್ವಾ ಇದನ್ನ! ತಗಡಿನ ಡಬ್ಬಿಯೊಳಗ ಕಲ್ಲ ಹಾಕಿ ಅಲಗ್ಯಾಡಿಸಿದಂಗ ಆಕ್ಕೈತಿ. ಕಿವುಡ ಇದ್ದದ್ದ ಛಲೋ ಇತ್ತು!"

ಹಾಕಿಸಿಕೊಂಡು ಹೊರಗೆ ಬಂದೆ. ಗೌರಾಬಾಯಿ ಆಟೋ ಕರೆಯಲು ಮುಂದೆ ಹೋದಳು. ಮೆಟ್ಟಿಲ ಮೇಲೆ ಒಂದು ಹೆಜ್ಜೆ ಇಟ್ಟವನು ಅಲ್ಲೇ ಕುಳಿತುಬಿಟ್ಟೆ.

ಹಳೆಯ ರಸ್ತೆ ಎಲ್ಲೂ ಇರಲಿಲ್ಲ. ಮೋಟಾರ್‌ಸೈಕಲ್ಲು ಮೂರು ತುಂಡಾಗಿ ಬಂತು, ಎರಡು ತುಂಡು ಹೋದವು, ಒಂದು ಗೋಡೆಗೆ ಬಡಿದು ತಿರುಗಿ ಬಂತು. ಕಬ್ಬಿನ ಹಾಲಿನ ಗಾಡಿಯವನ ಗೆಜ್ಜೆ ಪುಡಿಪುಡಿಯಾಗಿ ಉದುರುತ್ತಿತ್ತು. ಯಾರೋ ಶಟರ್ ಎತ್ತಿದರು, ಅದು ಬಹಳ ಹೊತ್ತು ಮೇಲೇರುತ್ತಲೇ ಇತ್ತು. ಎಲ್ಲದರ ಕೆಳಗೆ ಕರೆಂಟಿನ ಡಬ್ಬಿಯ ಗುಂಯ್, ನಿಖತ ಕೊಟ್ಟ ಒಂಬತ್ತರಲ್ಲಿ ಇರುವಂಥದ್ದೇ. ಅದರ ಮೇಲೆ ತೆಳುವಾಗಿ, ಚೂಪಾಗಿ, ಒಂದು ಮಾತು.

"ನಡೀರಿ, ಆಟೋ ನಿಂತೈತಿ."

ಹೆಂಡತಿಯ ಧ್ವನಿಗೆ ತಗಡಿನ ಅಂಚು ಬಂದಿದೆ. ಈ ಧ್ವನಿಯನ್ನು ನಾನು ಹಿಂದೆಂದೂ ಕೇಳಿಲ್ಲ.

"ತಡಿ," ಎಂದೆ.

"ಯಾರ ಬರೂದೈತಿ?"

"ಯಾರೂ ಇಲ್ಲ. ಇನ್ನಾ ಮುಗದಿಲ್ಲ. ಕೂಡು."

ಆಕೆ ರಸ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಟೋದವನಿಗೆ ಹೋಗು ಎಂದು ಕೈ ಮಾಡಿದಳು. ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಕುಳಿತಳು. ಅದಕ್ಕೂ ಸದ್ದಿತ್ತು.